ಗೇಮ್ ಸ್ಟ್ರೀಮ್ ಎಲ್ಲಿ ಮಸುಕಾಗುತ್ತದೆ? ಒಬಿಎಸ್‌ನಲ್ಲಿ ಒಂದೊಂದೇ ಹಂತ ಸರಿಪಡಿಸುವ ಬಗೆ

ಗೇಮ್ ನಿಮ್ಮ ಮಾನಿಟರ್ ಮೇಲೆ ನಿಚ್ಚಳವಾಗಿ ಓಡುತ್ತಿರುತ್ತದೆ. ಅದೇ ಹೊತ್ತಿಗೆ ಚಾಟ್‌ನಲ್ಲಿ ಒಬ್ಬರು “ಬ್ರೋ, ಪೂರ್ತಿ ಬ್ಲರ್ ಬರ್ತಿದೆ” ಅಂತ ಬರೆಯುತ್ತಾರೆ, ಇನ್ನೊಬ್ಬರು “ನಿಂತು ನಿಂತು ಬರ್ತಿದೆ” ಅನ್ನುತ್ತಾರೆ. ಕೇಳುವುದಕ್ಕೆ ಎರಡೂ ಒಂದೇ ದೂರು, ಆದರೆ ಕಾಯಿಲೆ ಬೇರೆ ಬೇರೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾದ ಪ್ರಮಾಣ) ಏರಿಸುವುದು. ಅಪ್‌ಲೋಡ್ ವೇಗ ಸಾಲದಿದ್ದರೆ ಬ್ಲರ್ ಹೋಗಿ ಸ್ಟ್ರೀಮ್ ನಿಲ್ಲುವುದು ಶುರುವಾಗುತ್ತದೆ, ಅದು ಬ್ಲರ್‌ಗಿಂತ ಕೆಟ್ಟದ್ದು. ಮಸುಕಾದರೂ ಜನ ನೋಡುತ್ತಾರೆ, ನಿಂತರೆ ಎದ್ದು ಹೋಗುತ್ತಾರೆ.

ಗ್ರಾಫಿಕ್ಸ್ ಕಾರ್ಡ್‌ನಿಂದ ಹೊರಟ ಚಿತ್ರ ನೋಡುವವರ ಫೋನ್ ತಲುಪುವಷ್ಟರಲ್ಲಿ ಐದು ಕಡೆ ಕೆಡಬಹುದು: ಒಬಿಎಸ್ (ಸ್ಟ್ರೀಮ್ ಕಳಿಸುವ ಸಾಫ್ಟ್‌ವೇರ್) ಅದನ್ನು ಹಿಡಿಯುವಾಗ, ಅಳತೆ ಬದಲಿಸುವಾಗ, ಎನ್‌ಕೋಡರ್ ಅದನ್ನು ಹಿಂಡಿ ಚಿಕ್ಕದು ಮಾಡುವಾಗ, ಮನೆಯ ಇಂಟರ್ನೆಟ್‌ನಲ್ಲಿ ಮೇಲೆ ಹೋಗುವಾಗ, ಕೊನೆಗೆ ಯೂಟ್ಯೂಬ್ ಅಥವಾ ಟ್ವಿಚ್ ಅದನ್ನು ಹಂಚುವಾಗ. ಎಲ್ಲಿ ಕೆಡುತ್ತಿದೆ ಎಂದು ಗೊತ್ತಾದರೆ ಮುಟ್ಟಬೇಕಾದದ್ದು ಎರಡೋ ಮೂರೋ ಸೆಟ್ಟಿಂಗ್ ಮಾತ್ರ. ಇಲ್ಲಿನ ಹಂತಗಳು ವಿಂಡೋಸ್‌ನಲ್ಲಿ ಓಡುವ ಒಬಿಎಸ್ ಸ್ಟುಡಿಯೋಗೆ ಹೊಂದುವಂತಿವೆ. ಅದು ಉಚಿತ, ಬಹುತೇಕ ಸ್ಟ್ರೀಮರ್‌ಗಳು ಬಳಸುವುದೂ ಅದನ್ನೇ.

ಮೊದಲು ಸ್ಟ್ಯಾಟ್ಸ್ ನೋಡಿ

ಒಬಿಎಸ್‌ನ ಡಾಕ್ಸ್ ಮೆನುವಿನಲ್ಲಿ ಸ್ಟ್ಯಾಟ್ಸ್ ಎಂಬುದಕ್ಕೆ ಟಿಕ್ ಹಾಕಿ. ಅಲ್ಲಿ ಮೂರು ಲೆಕ್ಕಗಳಿವೆ, ಮೂರೂ ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ಕಳೆದುಹೋದದ್ದನ್ನೇ ಹೇಳಿದರೂ ಕಾರಣ ಮಾತ್ರ ಬೇರೆ.

ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮ್ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್‌ಗೆ ಬಿಡುವಿಲ್ಲ ಎಂದರ್ಥ. ಗೇಮ್ ಪೂರ್ತಿ ಶಕ್ತಿಯನ್ನು ತಾನೇ ತಿಂದು, ಒಬಿಎಸ್‌ಗೆ ದೃಶ್ಯ ಜೋಡಿಸಲು ಏನೂ ಉಳಿಸಿಲ್ಲ. ಗೇಮ್‌ನ ಫ್ರೇಮ್‌ರೇಟ್‌ಗೆ ಮಿತಿ ಹಾಕಿ, ಕಾರ್ಡ್‌ನ ಬಳಕೆ 90 ಶೇಕಡಾ ದಾಟದ ಹಾಗೆ ನೋಡಿಕೊಳ್ಳಿ. ಒಬಿಎಸ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೆದರೆ, ವಿಂಡೋಸ್ ಅದಕ್ಕೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಆದ್ಯತೆ ಕೊಡುತ್ತದೆ. ಈ ಒಂದು ಸಣ್ಣ ಬದಲಾವಣೆಯಿಂದಲೇ ಎಷ್ಟೋ ಸಲ ತೊಂದರೆ ಮುಗಿಯುತ್ತದೆ.

ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟ ಫ್ರೇಮ್ ಏರಿದರೆ ಎನ್‌ಕೋಡರ್ ಸುಸ್ತಾಗಿದೆ. ಪ್ರೀಸೆಟ್ (ಎನ್‌ಕೋಡರ್ ಎಷ್ಟು ಶ್ರಮಪಡಬೇಕು ಎಂಬ ಆಯ್ಕೆ) ಒಂದು ಮೆಟ್ಟಿಲು ಹಗುರ ಮಾಡಬೇಕು, ಇಲ್ಲವೇ ಔಟ್‌ಪುಟ್ ರೆಸಲ್ಯೂಶನ್ ಇಳಿಸಬೇಕು.

ನೆಟ್‌ವರ್ಕ್‌ನಿಂದ ಬಿದ್ದ ಫ್ರೇಮ್, ಅಂದರೆ ಡ್ರಾಪ್ಡ್ ಫ್ರೇಮ್ಸ್, ಏರಿದರೆ ಕಂಪ್ಯೂಟರ್‌ನಲ್ಲಿ ಏನೂ ತಪ್ಪಿಲ್ಲ, ಇಂಟರ್ನೆಟ್ ಸಾಲುತ್ತಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ತಂದರೂ ಇದು ಸರಿಹೋಗುವುದಿಲ್ಲ.

ಮೂರೂ ಸೊನ್ನೆಯ ಹತ್ತಿರವಿದ್ದು ಚಿತ್ರ ಮಾತ್ರ ಚೌಕ ಚೌಕವಾಗಿ ಒಡೆಯುತ್ತಿದೆಯೇ? ಹಾಗಾದರೆ ಪಿಕ್ಸೆಲ್‌ಗಳ ಸಂಖ್ಯೆಗೆ ಬಿಟ್ ಸಾಲುತ್ತಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದೇ. ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಬಿಟ್ ಎಷ್ಟು, ಪಿಕ್ಸೆಲ್ ಎಷ್ಟು

1920×1080 ಅಳತೆಯ ಒಂದು ಫ್ರೇಮ್‌ನಲ್ಲಿ 20,73,600 ಪಿಕ್ಸೆಲ್ ಇವೆ. ಸೆಕೆಂಡಿಗೆ 60 ಫ್ರೇಮ್ ಎಂದರೆ ಸುಮಾರು 12.44 ಕೋಟಿ ಪಿಕ್ಸೆಲ್. ಇದಕ್ಕೆ 6000 ಕೆಬಿಪಿಎಸ್ (ಸೆಕೆಂಡಿಗೆ 6000 ಕಿಲೋಬಿಟ್) ಹಂಚಿದರೆ ಒಂದು ಪಿಕ್ಸೆಲ್‌ಗೆ ಸಿಗುವುದು 0.048 ಬಿಟ್. ಅದೇ 6000 ಕೆಬಿಪಿಎಸ್ಸನ್ನು 1280×720 ಅಳತೆಯ 60 ಫ್ರೇಮ್‌ಗಳಿಗೆ ಹಂಚಿದರೆ 0.109 ಬಿಟ್ ಸಿಗುತ್ತದೆ, ಎರಡು ಪಟ್ಟಿಗಿಂತ ಹೆಚ್ಚು. 1600×900ಕ್ಕೆ 0.069. 1080ಪಿಯಲ್ಲೇ, ಅಂದರೆ 1920×1080ರಲ್ಲೇ, 30 ಫ್ರೇಮ್‌ಗೆ ಇಳಿದರೆ 0.096.

ಎಚ್.264 ಎಂಬ ಕೋಡೆಕ್‌ನಲ್ಲಿ (ವಿಡಿಯೋ ಹಿಂಡುವ ವಿಧಾನ) ವೇಗದ ಶೂಟರ್ ಗೇಮ್‌ಗಳಿಗೆ 0.1ರ ಆಸುಪಾಸು ಸಿಕ್ಕರೆ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ಚೆಸ್, ಕಾರ್ಡ್ ಗೇಮ್, ನಿಧಾನದ ಸ್ಟ್ರಾಟೆಜಿ ಗೇಮ್‌ಗಳಿಗೆ 0.05 ಇದ್ದರೂ ನಡೆಯುತ್ತದೆ, ಏಕೆಂದರೆ ಪರದೆಯ ಹೆಚ್ಚಿನ ಭಾಗ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಬದಲಾಗುವುದೇ ಇಲ್ಲ. ಎನ್‌ಕೋಡರ್ ಬದಲಾದದ್ದನ್ನು ಮಾತ್ರ ಬರೆದುಕೊಂಡು, ಉಳಿದದ್ದಕ್ಕೆ ‘ಹಿಂದಿನ ಫ್ರೇಮ್‌ನಲ್ಲಿದ್ದಂತೆಯೇ’ ಎಂದು ಗುರುತು ಹಾಕಿ ಮುಂದೆ ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಒಂದು ಓಪನ್ ವರ್ಲ್ಡ್ ಗೇಮ್‌ನಲ್ಲಿ ಹುಲ್ಲುಗಾವಲಿನ ನಡುವೆ ನಿಂತು ಸ್ಟ್ರೀಮ್ ಗಮನಿಸಿ. ಆಟಗಾರ ನಿಂತಿದ್ದಾಗ ಒಂದೊಂದು ಗರಿಕೆಯೂ ಕಾಣುತ್ತದೆ. ಓಡಲು ಶುರು ಮಾಡಿದ ಮರುಕ್ಷಣ ಕಾಲ ಕೆಳಗಿನ ಹುಲ್ಲೆಲ್ಲ ಹಸಿರು ಗಂಜಿಯಾಗುತ್ತದೆ. ಆದರೆ ಮೇಲಿನ ಆಕಾಶ, ಮೂಲೆಯ ಮ್ಯಾಪ್, ಬುಲೆಟ್ ಎಣಿಕೆ ಹಾಗೇ ಸ್ವಚ್ಛವಾಗಿರುತ್ತವೆ. ಹುಲ್ಲಿನ ಸಾವಿರಾರು ಎಳೆಗಳು ಬೇರೆ ಬೇರೆ ದಿಕ್ಕಿಗೆ ಸರಿದಾಗ ‘ಹಿಂದಿನಂತೆಯೇ’ ಎಂದು ಗುರುತು ಹಾಕಲು ಏನೂ ಉಳಿದಿರುವುದಿಲ್ಲ, ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಅಷ್ಟು ಬಿಟ್ ಕೈಲಿಲ್ಲ. ಮಳೆ, ಹಿಮ, ಹೊಗೆ, ಸ್ಫೋಟದ ಕಿಡಿ ಎಲ್ಲದರಲ್ಲೂ ಆಗುವುದು ಇದೇ.

ಹಾಗಾಗಿ ಟ್ವಿಚ್‌ಗೆ 6000 ಕೆಬಿಪಿಎಸ್‌ನಲ್ಲಿ ಶೂಟರ್ ಗೇಮ್ ಸ್ಟ್ರೀಮ್ ಮಾಡುವವರು 1080ಪಿ60 (1080ಪಿಯಲ್ಲಿ ಸೆಕೆಂಡಿಗೆ 60 ಫ್ರೇಮ್) ಬಿಟ್ಟು 900ಪಿ60 ಅಥವಾ 720ಪಿ60ಗೆ ಇಳಿಯುವುದು ಒಳ್ಳೆಯದು. ಸಂಖ್ಯೆ ಚಿಕ್ಕದಾಯಿತು ಎಂದು ಮನಸ್ಸು ಹಿಂಜರಿಯುತ್ತದೆ. ಆದರೂ ಓಡುವ ದೃಶ್ಯದಲ್ಲಿ ಒಡೆಯದ 720ಪಿ, ಒಡೆದ 1080ಪಿಗಿಂತ ಎಷ್ಟೋ ಮೇಲು. ನೋಡುವವರಲ್ಲಿ ಬಹುಪಾಲು ಜನರ ಕೈಲಿರುವುದು ಆರು ಇಂಚಿನ ಫೋನ್ ಎಂಬುದೂ ನೆನಪಿರಲಿ.

ಯೂಟ್ಯೂಬ್‌ನಲ್ಲಿ ಇಷ್ಟು ಬಿಗಿ ಇಲ್ಲ. 720ಪಿ60ಗೆ 6000, 1080ಪಿ60ಗೆ 12,000 ಕೆಬಿಪಿಎಸ್ ಕಳಿಸಿ ಎಂದು ಅದೇ ಸೂಚಿಸುತ್ತದೆ. ಆದರೆ 12,000ದಲ್ಲಿ ಒಂದು ಗಂಟೆಗೆ ಸುಮಾರು 5.4 ಜಿಬಿ ಅಪ್‌ಲೋಡ್ ಆಗುತ್ತದೆ. ದಿನಾ ಮೂರು ಗಂಟೆ ಸ್ಟ್ರೀಮ್ ಮಾಡಿದರೆ ತಿಂಗಳಿಗೆ 480 ಜಿಬಿಗೂ ಹೆಚ್ಚು. ನಿಮ್ಮ ಪ್ಲಾನ್‌ಗೆ ತಿಂಗಳ ಡೇಟಾ ಮಿತಿ ಇದ್ದರೆ, ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ಸ್ಟ್ರೀಮ್ ಕೆಡುವುದಕ್ಕೆ ಇದೇ ಕಾರಣವಾಗಿರಬಹುದು.

ವಿಡಿಯೋ ಟ್ಯಾಬ್

ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ತೆರೆಯಿರಿ. ಬೇಸ್ ಕ್ಯಾನ್ವಾಸ್ ರೆಸಲ್ಯೂಶನ್ ನಿಮ್ಮ ಗೇಮ್ ಓಡುವ ರೆಸಲ್ಯೂಶನ್ನೇ ಆಗಿರಲಿ. ಔಟ್‌ಪುಟ್ ಸ್ಕೇಲ್ಡ್ ರೆಸಲ್ಯೂಶನ್‌ನಲ್ಲಿ ಮೇಲಿನ ಲೆಕ್ಕದಂತೆ ಆಯ್ದ ಅಳತೆ ಕೊಡಿ. ಡೌನ್‌ಸ್ಕೇಲ್ ಫಿಲ್ಟರ್‌ಗೆ ಲಾಂಕ್ಜೋಸ್ ಆರಿಸಿ, ಕಾರ್ಡ್ ಹಳೆಯದಾಗಿದ್ದರೆ ಬೈಕ್ಯೂಬಿಕ್ ಸಾಕು. ಬೈಲೀನಿಯರ್ ಬೇಡ, ಸಣ್ಣ ಅಕ್ಷರಗಳನ್ನು ಅದು ಕಲಸಿಬಿಡುತ್ತದೆ.

ಔಟ್‌ಪುಟ್ ಟ್ಯಾಬ್‌ನಲ್ಲೂ ರೀಸ್ಕೇಲ್ ಔಟ್‌ಪುಟ್ ಎಂಬ ಆಯ್ಕೆ ಇದೆ. ಇಲ್ಲಿ ಒಮ್ಮೆ ಇಳಿಸಿ ಅಲ್ಲಿ ಇನ್ನೊಮ್ಮೆ ಬದಲಿಸಿದರೆ ಚಿತ್ರ ಎರಡು ಸಲ ಜರಡಿ ಹಿಡಿದಂತಾಗಿ ಅಂಚುಗಳೆಲ್ಲ ಮೆತ್ತಗಾಗುತ್ತವೆ. ಒಂದೇ ಕಡೆ ಇಳಿಸಿ. ಸೋರ್ಸ್ (ಒಬಿಎಸ್‌ಗೆ ಸೇರಿಸಿದ ಗೇಮ್ ಚಿತ್ರ) ಆಯ್ದು ಕಂಟ್ರೋಲ್ ಎಫ್ ಒತ್ತಿದರೆ ಗೇಮ್ ಕ್ಯಾನ್ವಾಸ್‌ಗೆ ಸರಿಯಾಗಿ ಕೂರುತ್ತದೆ. ಮೂಲೆ ಹಿಡಿದು ಕೈಯಿಂದ ಎಳೆದರೆ ಒಂದೆರಡು ಪಿಕ್ಸೆಲ್ ಆಚೀಚೆಯಾಗಿ ಅಲ್ಲೂ ಮಸುಕು ಸೇರುತ್ತದೆ.

ಫ್ರೇಮ್‌ರೇಟ್ 60 ಅಥವಾ 30 ಇರಲಿ. ಮಾನಿಟರ್ 144 ಹರ್ಟ್ಸ್‌ದಾಗಿದ್ದು ಗೇಮ್ 144 ಫ್ರೇಮ್‌ನಲ್ಲಿ ಓಡುತ್ತಿದ್ದರೆ ಸ್ಟ್ರೀಮ್‌ನಲ್ಲಿ ಚಲನೆ ಸ್ವಲ್ಪ ಕುಂಟುತ್ತದೆ, ಏಕೆಂದರೆ 144ನ್ನು 60ರಿಂದ ಸಮವಾಗಿ ಭಾಗಿಸಲಾಗದು. ಗೇಮ್‌ಗೆ 120ರ ಮಿತಿ ಹಾಕಿದರೆ ಪ್ರತಿ ಎರಡನೇ ಫ್ರೇಮ್ ಸ್ಟ್ರೀಮ್‌ಗೆ ಹೋಗಿ ಓಟ ನಯವಾಗುತ್ತದೆ.

ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಕಲರ್ ಫಾರ್ಮ್ಯಾಟ್ ಎನ್‌ವಿ12, ಕಲರ್ ಸ್ಪೇಸ್ ರೆಕ್.709, ಕಲರ್ ರೇಂಜ್ ಲಿಮಿಟೆಡ್ ಇರಬೇಕು. ‘ಫುಲ್’ ಅಂದರೆ ಇನ್ನೂ ಚೆನ್ನಾಗಿರಬಹುದು ಎಂದುಕೊಂಡು ಬದಲಿಸುವವರಿದ್ದಾರೆ. ಎಷ್ಟೋ ಪ್ಲೇಯರ್‌ಗಳು ಬರುವುದು ಲಿಮಿಟೆಡ್ ಎಂದೇ ಓದುವುದರಿಂದ ಕತ್ತಲಿನ ದೃಶ್ಯಗಳು ಪೂರ್ತಿ ಕಪ್ಪಾಗಿ ಹೂತುಹೋಗುತ್ತವೆ. ಬಣ್ಣವೆಲ್ಲ ತೊಳೆದ ಬಟ್ಟೆಯಂತೆ ಬಿಳಚಿಕೊಂಡಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಆನ್ ಆಗಿದೆಯೇ ನೋಡಿ, ಸ್ಟ್ರೀಮ್ ಮಾಡುವಾಗ ಅದನ್ನು ಆಫ್ ಮಾಡಿ.

ಔಟ್‌ಪುಟ್ ಟ್ಯಾಬ್ ಮತ್ತು ಎನ್‌ಕೋಡರ್

ಔಟ್‌ಪುಟ್ ಮೋಡ್ ಅಡ್ವಾನ್ಸ್ಡ್ ಮಾಡಿ, ಇಲ್ಲದಿದ್ದರೆ ಬೇಕಾದ ಆಯ್ಕೆಗಳೇ ಕಾಣುವುದಿಲ್ಲ.

ಎನ್‌ವಿಡಿಯಾ ಕಾರ್ಡ್ ಇದ್ದವರು ಎನ್‌ವೆಂಕ್ ಬಳಸಿ. ಅದು ಕಾರ್ಡ್‌ನೊಳಗೆ ಎನ್‌ಕೋಡಿಂಗ್‌ಗೆಂದೇ ಇರುವ ಬೇರೆ ಭಾಗ, ಗೇಮ್‌ನ ಫ್ರೇಮ್‌ರೇಟನ್ನು ಹೆಚ್ಚು ತಿನ್ನುವುದಿಲ್ಲ. 2018ರ ಟ್ಯೂರಿಂಗ್ ಪೀಳಿಗೆಯಿಂದ, ಅಂದರೆ ಆರ್‌ಟಿಎಕ್ಸ್ 20 ಸರಣಿಯಿಂದ, ಇದರ ಗುಣಮಟ್ಟ ಚೆನ್ನಾಗಿ ಏರಿದೆ. ಜಿಟಿಎಕ್ಸ್ 16 ಸರಣಿಯಲ್ಲೂ ಅದೇ ಎನ್‌ಕೋಡರ್ ಇದೆ, ಆದರೆ ಮೊದಲು ಬಂದ ಜಿಟಿಎಕ್ಸ್ 1650ರಲ್ಲಿ ಹಿಂದಿನ ಪೀಳಿಗೆಯದೇ ಉಳಿದಿತ್ತು. ಹಳೆಯ ಕಾರ್ಡ್ ಕೊಳ್ಳುವವರು ಇದನ್ನು ಗಮನದಲ್ಲಿಡಿ.

ಎನ್‌ವೆಂಕ್‌ಗೆ ಹೀಗೆ ಕೊಡಿ. ರೇಟ್ ಕಂಟ್ರೋಲ್ ಸಿಬಿಆರ್, ಅಂದರೆ ಬಿಟ್‌ರೇಟ್ ಸದಾ ಒಂದೇ. ಕೀಫ್ರೇಮ್ ಇಂಟರ್ವಲ್ (ಪೂರ್ತಿ ಹೊಸದಾಗಿ ಬರೆದ ಫ್ರೇಮ್‌ಗಳ ನಡುವಿನ ಅಂತರ) 2 ಸೆಕೆಂಡ್, ಸೊನ್ನೆ ಬಿಡಬೇಡಿ: ಯೂಟ್ಯೂಬ್, ಟ್ವಿಚ್ ಎರಡೂ ಕೇಳುವುದು 2ನ್ನೇ. ಪ್ರೀಸೆಟ್ ಪಿ5, ಎನ್‌ಕೋಡಿಂಗ್ ಲ್ಯಾಗ್ ಇಲ್ಲದಿದ್ದರೆ ಪಿ6. ಟ್ಯೂನಿಂಗ್ ಹೈ ಕ್ವಾಲಿಟಿ. ಮಲ್ಟಿಪಾಸ್‌ನಲ್ಲಿ ಕ್ವಾರ್ಟರ್ ರೆಸಲ್ಯೂಶನ್‌ನ ಎರಡು ಪಾಸ್. ಪ್ರೊಫೈಲ್ ಹೈ. ಬಿ ಫ್ರೇಮ್ 2. ಲುಕ್ ಅಹೆಡ್ ಆಫ್ ಇರಲಿ. ಪಿ7ಗೆ ಏರಿಸಿದರೆ ಕಣ್ಣಿಗೆ ಕಾಣುವ ಲಾಭ ತೀರಾ ಕಡಿಮೆ, ಕಾರ್ಡ್‌ಗೆ ಹೊರೆ ಮಾತ್ರ ಹೆಚ್ಚು.

ಅಂಥ ಕಾರ್ಡ್ ಇಲ್ಲದವರು, ಪ್ರೊಸೆಸರ್‌ನಲ್ಲಿ ಆರು ಅಥವಾ ಎಂಟು ಕೋರ್ ಇದ್ದರೆ ಪ್ರೊಸೆಸರ್ ಮೇಲೇ ಓಡುವ ಎಕ್ಸ್264 ಎನ್‌ಕೋಡರ್ ಪ್ರಯತ್ನಿಸಬಹುದು. ವೆರಿಫಾಸ್ಟ್ ಪ್ರೀಸೆಟ್‌ನಿಂದ ಶುರು ಮಾಡಿ, ಗೇಮ್ ಆಡುತ್ತಲೇ ಪ್ರೊಸೆಸರ್ ಬಳಕೆ 80 ಶೇಕಡಾದೊಳಗೆ ಉಳಿದರೆ ಫಾಸ್ಟರ್‌ಗೆ ಹೋಗಿ. ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್‌ಸಿಂಕ್ ಎಂಬ ಎನ್‌ಕೋಡರ್ ಇರುತ್ತದೆ, ಸಾಧಾರಣ ಲ್ಯಾಪ್‌ಟಾಪ್‌ನವರಿಗೆ ಅದು ಒಳ್ಳೆಯ ದಾರಿ. ಎಎಂಡಿಯ ಹಳೆಯ ಕಾರ್ಡ್‌ಗಳ ಎಚ್.264 ಎನ್‌ಕೋಡರ್ ಸ್ವಲ್ಪ ಮೆತ್ತಗೆ. ಯೂಟ್ಯೂಬ್‌ಗೆ ಕಳಿಸುವುದಾದರೆ ಅದೇ ಕಾರ್ಡ್‌ನ ಎಚ್‌ಇವಿಸಿ (ಎಚ್.264ರ ನಂತರದ ಕೋಡೆಕ್) ಬಳಸಿ ನೋಡಿ, ಒಬಿಎಸ್ 29.1ರಿಂದ ಆ ಸೌಲಭ್ಯವಿದೆ.

ಆರ್‌ಟಿಎಕ್ಸ್ 40, ಆರ್‌ಎಕ್ಸ್ 7000 ಅಥವಾ ಇಂಟೆಲ್ ಆರ್ಕ್ ಕಾರ್ಡ್ ಇದ್ದವರು ಯೂಟ್ಯೂಬ್‌ಗೆ ಎವಿ1 ಎಂಬ ಇನ್ನೂ ಹೊಸ ಕೋಡೆಕ್‌ನಲ್ಲೇ ಸ್ಟ್ರೀಮ್ ಮಾಡಿ. ಅಷ್ಟೇ ಬಿಟ್‌ರೇಟ್‌ನಲ್ಲಿ ಹುಲ್ಲು, ಹೊಗೆಯ ದೃಶ್ಯಗಳು ಎಚ್.264ಗಿಂತ ಎದ್ದು ಕಾಣುವಷ್ಟು ಚೆನ್ನಾಗಿರುತ್ತವೆ. ಅಪ್‌ಲೋಡ್ ವೇಗ ಕಡಿಮೆ ಇರುವ ಊರುಗಳಲ್ಲಿ ಇದು ದೊಡ್ಡ ಅನುಕೂಲ.

ಗೇಮ್‌ನೊಳಗೆ ಬಿಟ್ ಉಳಿಸಿ

ಫಿಲ್ಮ್ ಗ್ರೇನ್ ಆಫ್ ಮಾಡಿ. ಪ್ರತಿ ಫ್ರೇಮ್‌ಗೂ ಹೊಸ ಧೂಳು ಎರಚುವ ಎಫೆಕ್ಟ್ ಅದು, ಎನ್‌ಕೋಡರ್ ತನ್ನ ಬಿಟ್‌ಗಳನ್ನೆಲ್ಲ ಆ ಧೂಳಿಗೇ ಸುರಿಯುತ್ತದೆ. ಅಂಚುಗಳಲ್ಲಿ ಬಣ್ಣ ಚೆದುರಿಸುವ ಕ್ರೊಮ್ಯಾಟಿಕ್ ಅಬೆರೇಶನ್ ಕೂಡ ಬೇಡ. ಹುಲ್ಲು, ಎಲೆಗಳ ಸಾಂದ್ರತೆಯನ್ನು ಒಂದು ಮೆಟ್ಟಿಲು ಇಳಿಸಿದರೆ ನಿಮಗೆ ವ್ಯತ್ಯಾಸ ಗೊತ್ತಾಗುವುದೂ ಕಷ್ಟ, ಸ್ಟ್ರೀಮ್‌ಗೆ ಮಾತ್ರ ಉಸಿರಾಡಲು ಜಾಗ ಸಿಗುತ್ತದೆ. ಶಾರ್ಪನಿಂಗ್ ಅತಿಯಾಗಿದ್ದರೆ ತಗ್ಗಿಸಿ.

ಸೋರ್ಸ್‌ಗೆ ಗೇಮ್ ಕ್ಯಾಪ್ಚರ್ ಬಳಸಿ, ಡಿಸ್‌ಪ್ಲೇ ಕ್ಯಾಪ್ಚರ್ ಕೊನೆಯ ಉಪಾಯವಾಗಿರಲಿ. ಲ್ಯಾಪ್‌ಟಾಪ್‌ನಲ್ಲಿ ಕಪ್ಪು ಪರದೆ ಬಂದರೆ ಗೇಮ್ ಒಂದು ಗ್ರಾಫಿಕ್ಸ್‌ನಲ್ಲಿ, ಒಬಿಎಸ್ ಇನ್ನೊಂದರಲ್ಲಿ ಓಡುತ್ತಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್ ಸೆಟ್ಟಿಂಗ್ಸ್‌ನ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿ ಒಬಿಎಸ್‌ಗೂ ಗೇಮ್‌ಗೂ ಹೈ ಪರ್ಫಾರ್ಮೆನ್ಸ್ ಕೊಡಿ. ಚಾರ್ಜರ್ ಸದಾ ಚುಚ್ಚಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಗಂಟೆಯಾದ ಮೇಲೆ ಮಾತ್ರ ಸ್ಟ್ರೀಮ್ ತಡವರಿಸುತ್ತಿದ್ದರೆ ಬಿಸಿಯನ್ನು ಅನುಮಾನಿಸಿ: ಕಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ವೆಬ್‌ಕ್ಯಾಮ್ ಮತ್ತು ಕನ್ನಡ ಅಕ್ಷರ

ಮಂದ ಬೆಳಕಿನಲ್ಲಿ ವೆಬ್‌ಕ್ಯಾಮ್ ಚಿತ್ರದ ತುಂಬ ಮರಳು ಕಾಳುಗಳು ಕುಣಿಯುತ್ತಿರುತ್ತವೆ. ಅದೂ ಫಿಲ್ಮ್ ಗ್ರೇನ್‌ನಂತೆಯೇ ಬಿಟ್ ತಿನ್ನುತ್ತದೆ. ದುಬಾರಿ ಕ್ಯಾಮೆರಾ ತರುವ ಮೊದಲು ಮಾನಿಟರ್ ಹಿಂದೆ, ಮುಖದ ಎತ್ತರದಲ್ಲಿ ಒಂದು ಎಲ್‌ಇಡಿ ಬಲ್ಬ್ ಹಾಕಿ, ಬೆಳಕು ಗೋಡೆಗೆ ಬಿದ್ದು ಹಿಂದಿರುಗಿ ಮುಖಕ್ಕೆ ಬರಲಿ. ಒಬಿಎಸ್‌ನಲ್ಲಿ ವೆಬ್‌ಕ್ಯಾಮ್ ಸೋರ್ಸ್‌ನ ಪ್ರಾಪರ್ಟೀಸ್ ತೆರೆದು ಕಾನ್ಫಿಗರ್ ವಿಡಿಯೋ ಒತ್ತಿದರೆ ಕ್ಯಾಮೆರಾದ ಸೆಟ್ಟಿಂಗ್ ಬರುತ್ತದೆ. ಅಲ್ಲಿ ಪವರ್‌ಲೈನ್ ಫ್ರೀಕ್ವೆನ್ಸಿ 50 ಹರ್ಟ್ಸ್ ಇರಬೇಕು. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಕ್ಯಾಮೆರಾ 60ರಲ್ಲಿದ್ದರೆ ಟ್ಯೂಬ್‌ಲೈಟ್ ಕೆಳಗೆ ಅಡ್ಡ ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತವೆ. ಅಮೆರಿಕದಲ್ಲಿ ಕೂತು ಸ್ಟ್ರೀಮ್ ಮಾಡುವ ಕನ್ನಡಿಗರಿಗೆ ಇದು ತಿರುಗುಮುರುಗು, ಅಲ್ಲಿ 60 ಬೇಕು. ಎಕ್ಸ್‌ಪೋಶರ್‌ನ ಆಟೋ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಕತ್ತಲಾದಂತೆ ಕ್ಯಾಮೆರಾ ತಾನಾಗಿ ಫ್ರೇಮ್‌ರೇಟ್ ಇಳಿಸಿ ಮುಖ ತೇಲಿದಂತೆ ಕಾಣುತ್ತದೆ.

ಸ್ಟ್ರೀಮ್ ಮೇಲೆ ಕನ್ನಡದಲ್ಲಿ ಹೆಸರು, ದಾನ ಕೊಟ್ಟವರ ಪಟ್ಟಿ ಹಾಕುವವರು ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಟೆಕ್ಸ್ಟ್ ಸೋರ್ಸ್‌ನಲ್ಲಿ ಜಿಡಿಐ ಪ್ಲಸ್ ಆರಿಸಿ. ಫ್ರೀಟೈಪ್ ಎಂಬ ಇನ್ನೊಂದು ಬಗೆ ಕನ್ನಡದ ಒತ್ತಕ್ಷರಗಳನ್ನು ಜೋಡಿಸುವುದಿಲ್ಲ, ‘ಕೃಷ್ಣ’ ಬರೆದರೆ ಅಕ್ಷರಗಳು ಬಿಡಿ ಬಿಡಿಯಾಗಿ ಉದುರಿ ಬೀಳುತ್ತವೆ. ಎರಡನೆಯದು ಬಣ್ಣ. ಎನ್‌ವಿ12ರಲ್ಲಿ ಬೆಳಕಿನ ವಿವರ ಪೂರ್ತಿ ಉಳಿಯುತ್ತದೆ, ಬಣ್ಣದ ವಿವರ ಮಾತ್ರ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಯುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ತೆಳು ಕೆಂಪು ಅಕ್ಷರ ಹಾಕಿದರೆ ಕೆಂಪಿಗೂ ಕಪ್ಪಿಗೂ ಬೆಳಕಿನ ಅಂತರ ಕಡಿಮೆ ಇರುವುದರಿಂದ ಅಂಚೆಲ್ಲ ಹರಡಿ, ಕೆಳಗಿನ ಒತ್ತು ಒಂದು ಕೆಂಪು ಮಚ್ಚೆಯಾಗುತ್ತದೆ. ಕನ್ನಡ ಬಾವುಟದ ಬಣ್ಣಗಳನ್ನೇ ಬಳಸಬೇಕೆಂಬ ಆಸೆ ಇದ್ದರೆ ಕೆಂಪು ಪಟ್ಟಿಯ ಮೇಲೆ ಹಳದಿ ಅಕ್ಷರ ಹಾಕಿ. ಹಳದಿ ಬಲು ಬೆಳಕಿನ ಬಣ್ಣ, ಒತ್ತು, ದೀರ್ಘ, ಕೊಂಬು ಎಲ್ಲ ಬಿಡಿಯಾಗಿ ಕಾಣುತ್ತವೆ. ದಪ್ಪ ಫಾಂಟ್ ಇರಲಿ, 1080ಪಿ ಕ್ಯಾನ್ವಾಸ್‌ನಲ್ಲಿ ಅಕ್ಷರದ ಗಾತ್ರ 40ಕ್ಕಿಂತ ಕಡಿಮೆ ಬೇಡ. ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಎತ್ತರದ ಜಾಗ ಬೇಕು.

ಇಂಟರ್ನೆಟ್

ವೈಫೈ ಬಿಟ್ಟು ಕೇಬಲ್‌ಗೆ ಬನ್ನಿ. ರೂಟರ್ ಹಾಲ್‌ನಲ್ಲಿ, ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿ ಇದ್ದರೂ ಚಿಂತೆಯಿಲ್ಲ, ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ವೇಗ ಹೊರುತ್ತದೆ. ಸ್ಟ್ರೀಮ್‌ಗೆ ಬೇಕಿರುವುದು ಏರಿಳಿಯದ ಅಪ್‌ಲೋಡ್, ವೈಫೈನ ದೌರ್ಬಲ್ಯ ಅಲ್ಲೇ ಇದೆ. ಒಂದೇ ಸಲ ಸ್ಪೀಡ್ ಟೆಸ್ಟ್ ಮಾಡಿ ನಂಬಬೇಡಿ. ನೀವು ನಿಜಕ್ಕೂ ಸ್ಟ್ರೀಮ್ ಮಾಡುವ ಹೊತ್ತಿನಲ್ಲಿ, ಉದಾಹರಣೆಗೆ ರಾತ್ರಿ 9ರಿಂದ 11ರ ನಡುವೆ, ನಾಲ್ಕೈದು ಸಲ ನೋಡಿ, ಬಂದದ್ದರಲ್ಲಿ ಅತಿ ಕಡಿಮೆ ಅಂಕಿಯ 70 ಶೇಕಡಾದೊಳಗೆ ಬಿಟ್‌ರೇಟ್ ಇಡಿ. 10 ಎಂಬಿಪಿಎಸ್ ಕಂಡರೆ ಆಡಿಯೋದ 160 ಕೆಬಿಪಿಎಸ್ ಸೇರಿ 7000 ದಾಟಬಾರದು.

ಅಡ್ವಾನ್ಸ್ಡ್ ಟ್ಯಾಬ್‌ನ ನೆಟ್‌ವರ್ಕ್ ಭಾಗದಲ್ಲಿ, ದಟ್ಟಣೆ ಹೆಚ್ಚಾದಾಗ ಬಿಟ್‌ರೇಟ್ ತಾನಾಗಿ ತಗ್ಗಿಸುವ ಆಯ್ಕೆ ಇದೆ, ಟಿಕ್ ಹಾಕಿ. ಇಂಟರ್ನೆಟ್ ಕುಸಿದಾಗ ಫ್ರೇಮ್ ಬೀಳುವ ಬದಲು ಚಿತ್ರ ಕೆಲ ಹೊತ್ತು ಮಸುಕಾಗಿ ಮತ್ತೆ ಸರಿಯಾಗುತ್ತದೆ. ಟ್ವಿಚ್‌ನ ಸರ್ವರ್ ಪಟ್ಟಿಯಲ್ಲಿ ನಿಮಗೆ ಹತ್ತಿರದ್ದನ್ನೇ ಆರಿಸಿ. ಕರೆಂಟ್ ಹೋಗಿ ಬರುವ ಕಡೆ ರೂಟರ್‌ಗೂ ಫೈಬರ್ ಪೆಟ್ಟಿಗೆಗೂ ಒಂದು ಸಣ್ಣ ಯುಪಿಎಸ್ ಕೊಡಿ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಉಳಿದರೂ ರೂಟರ್ ಆರಿದರೆ ಸ್ಟ್ರೀಮ್ ಅಲ್ಲಿಗೇ ಮುಗಿಯಿತು.

ಆ ಕಡೆ ಏನಾಗುತ್ತದೆ

ಯೂಟ್ಯೂಬ್ ನೀವು ಕಳಿಸಿದ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಿ ಹಲವು ಅಳತೆಗಳಲ್ಲಿ ಹಂಚುತ್ತದೆ. ಲೈವ್ ತೆರೆದು ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ನೋಡಿ. ಕೋಡೆಕ್ ಸಾಲಿನಲ್ಲಿ ಎವಿಸಿ1 ಎಂದಿದ್ದರೆ ಹಳೆಯ ಕೋಡೆಕ್‌ನಲ್ಲಿ ಬಿಗಿಯಾಗಿ ಹಿಂಡಿದೆ, ವಿಪಿ09 ಎಂದಿದ್ದರೆ ಒಳ್ಳೆಯದು. 1440ಪಿ ಮತ್ತು ಮೇಲಿನ ಸ್ಟ್ರೀಮ್‌ಗಳಿಗೆ ಸಾಮಾನ್ಯವಾಗಿ ವಿಪಿ9 ಸಿಗುತ್ತದೆ. ಅಪ್‌ಲೋಡ್ 30 ಎಂಬಿಪಿಎಸ್‌ಗಿಂತ ಹೆಚ್ಚಿದ್ದು ಕಾರ್ಡ್ ತಡೆದುಕೊಂಡರೆ, 1080ಪಿ ಗೇಮನ್ನೇ 2560×1440 ಔಟ್‌ಪುಟ್‌ಗೆ ಏರಿಸಿ 18,000ದಿಂದ 20,000 ಕೆಬಿಪಿಎಸ್‌ನಲ್ಲಿ ಕಳಿಸಿ. ಪಿಕ್ಸೆಲ್ ಏರಿಸಬೇಡಿ ಎಂದು ಮೇಲೆ ಹೇಳಿದ್ದಕ್ಕೆ ಇದೊಂದೇ ಅಪವಾದ, ಬ್ಯಾಂಡ್‌ವಿಡ್ತ್ ಇದ್ದವರಿಗೆ ಮಾತ್ರ. ಸ್ಟ್ರೀಮ್ ಲೇಟೆನ್ಸಿ (ಲೈವ್ ನೋಡುವವರನ್ನು ತಲುಪುವ ತಡ) ನಾರ್ಮಲ್ ಇಟ್ಟರೆ ನೋಡುವವರ ಫೋನ್‌ನಲ್ಲಿ ಹೆಚ್ಚು ಬಫರ್ ಸೇರಿ ಮೊಬೈಲ್ ಡೇಟಾದಲ್ಲೂ ನಿಲ್ಲದೆ ಓಡುತ್ತದೆ. ಚಾಟ್‌ಗೆ ಉತ್ತರ ತುಸು ತಡವಾಗುತ್ತದೆ, ಅದು ಕೊಡಬೇಕಾದ ಬೆಲೆ.

ಟ್ವಿಚ್‌ನಲ್ಲಿ ಹೊಸ ಚಾನೆಲ್‌ಗಳಿಗೆ ಕಡಿಮೆ ಗುಣಮಟ್ಟದ ಆಯ್ಕೆಗಳು ಸದಾ ಸಿಗುವ ಖಾತ್ರಿ ಇಲ್ಲ. ನೀವು 6000 ಕಳಿಸಿದರೆ ಬಸ್ಸಿನಲ್ಲಿ ಕೂತು ನೋಡುವವರೂ 6000ವನ್ನೇ ಇಳಿಸಿಕೊಳ್ಳಬೇಕು. ಚಾಟ್‌ನಲ್ಲಿ ಬಫರಿಂಗ್ ದೂರು ಹೆಚ್ಚಿದ್ದು ನಿಮ್ಮ ಸ್ಟ್ಯಾಟ್ಸ್‌ನಲ್ಲಿ ಏನೂ ಕಾಣದಿದ್ದರೆ 720ಪಿ, 4000ಕ್ಕೆ ಇಳಿದು ನೋಡಿ.

ಪರೀಕ್ಷೆ

ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಮಾಡುವವರಿಗೆ ಯೂಟ್ಯೂಬ್ ಅನುಮತಿ ಕೊಡಲು 24 ಗಂಟೆವರೆಗೆ ತೆಗೆದುಕೊಳ್ಳಬಹುದು, ಹಿಂದಿನ ದಿನವೇ ಆನ್ ಮಾಡಿಡಿ. ಆಮೇಲೆ ಅನ್‌ಲಿಸ್ಟೆಡ್ ಲೈವ್ ಶುರು ಮಾಡಿ. ಟ್ವಿಚ್‌ಗಾದರೆ ಒಬಿಎಸ್‌ನ ಸ್ಟ್ರೀಮ್ ಟ್ಯಾಬ್‌ನಲ್ಲಿ ಬ್ಯಾಂಡ್‌ವಿಡ್ತ್ ಟೆಸ್ಟ್ ಮೋಡ್ ಇದೆ, ಯಾರಿಗೂ ಕಾಣದೆ ಪರೀಕ್ಷೆ ನಡೆಯುತ್ತದೆ. ಮೆನುವಿನಲ್ಲಿ ಸುಮ್ಮನೆ ನಿಲ್ಲದೆ, ಗೇಮ್‌ನ ಅತಿ ಗಲಾಟೆಯ ಜಾಗದಲ್ಲಿ ಹತ್ತು ನಿಮಿಷ ಆಡಿ. ಜೊತೆಗೆ ರೆಕಾರ್ಡಿಂಗ್ ಕೂಡ ಒತ್ತಿ, ರೆಕಾರ್ಡಿಂಗ್‌ನ ವಿಡಿಯೋ ಎನ್‌ಕೋಡರ್‌ನಲ್ಲಿ ಯೂಸ್ ಸ್ಟ್ರೀಮ್ ಎನ್‌ಕೋಡರ್ ಇರಲಿ. ಆಗ ಕಳಿಸಿದ ಚಿತ್ರವೇ ಡಿಸ್ಕ್‌ನಲ್ಲೂ ಉಳಿಯುತ್ತದೆ. ರೆಕಾರ್ಡಿಂಗ್ ಚೆನ್ನಾಗಿದ್ದು ಲೈವ್ ಕೆಟ್ಟಿದ್ದರೆ ತೊಂದರೆ ಇಂಟರ್ನೆಟ್‌ನದು ಅಥವಾ ಆ ಕಡೆಯದು. ರೆಕಾರ್ಡಿಂಗೇ ಕೆಟ್ಟಿದ್ದರೆ ಎನ್‌ಕೋಡರ್‌ಗೆ ಮರಳಿ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಸರಿಯಾದ ಮೇಲೆ ಪ್ರೊಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಗ್ರಾಫಿಕ್ಸ್ ಡ್ರೈವರ್ ಆಗಲಿ ಒಬಿಎಸ್ ಆಗಲಿ, ಸ್ಟ್ರೀಮ್ ಇರುವ ದಿನ ಅಪ್‌ಡೇಟ್ ಮಾಡಬೇಡಿ. ಮರುದಿನ ಮಾಡಿ, ಮತ್ತೆ ಹತ್ತು ನಿಮಿಷದ ಪರೀಕ್ಷೆ ನಡೆಸಿ.